ಹಳೆ ಮಷಿನ್‌ಗೆ ಹೊಸ ಗ್ಯಾಸ್ ತುಂಬಿಸಬೇಕೆ? ಕೋಲ್ಡ್ ರೂಮ್, ಹಾಲಿನ ಕೂಲರ್, ಎಸಿ ಇರುವವರಿಗೆ

ಬೇಸಿಗೆ ಬಂತೆಂದರೆ ಒಂದೇ ಪ್ರಶ್ನೆ ಬೇರೆ ಬೇರೆ ಬಾಯಿಂದ ಬರುತ್ತದೆ. ಶ್ರೀನಿವಾಸಪುರದಲ್ಲಿ ಮಾವಿಗೆಂದು ಸಣ್ಣ ಕೋಲ್ಡ್ ರೂಮ್ ಮಾಡಿಸಿದವರು, ಚಿಂತಾಮಣಿ ಕಡೆಯ ಡೈರಿ ಕಾರ್ಯದರ್ಶಿಗಳು, ತುಮಕೂರಿನ ಬಿ.ಎಚ್. ರಸ್ತೆಯ ಬೇಕರಿಯವರು, ಮನೆಗೆ ಎಸಿ ಹಾಕಿಸಿದವರು, ಎಲ್ಲರೂ ಕೇಳುವುದು ಇದನ್ನೇ: "ನಿಮ್ಮ ಮಷಿನ್ ಗ್ಯಾಸ್ ಇನ್ಮೇಲೆ ಸಿಗಲ್ಲ ಸಾರ್, ಪರಿಸರಕ್ಕೂ ಒಳ್ಳೇದಲ್ಲ, ಹೊಸ ಗ್ಯಾಸ್ ಹಾಕಿಬಿಡ್ತೀನಿ ಅಂತಿದಾನೆ ಮೆಕ್ಯಾನಿಕ್. ಹಾಕಿಸ್ಲಾ?"

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಇರುವ ಮಷಿನ್‌ಗೆ ಬೇರೆ ಗ್ಯಾಸ್ ತುಂಬಿಸಬೇಡಿ. ಸೋರುವುದನ್ನು ನಿಲ್ಲಿಸಿ ಅದೇ ಗ್ಯಾಸಿನಲ್ಲಿ ಓಡಿಸಿ. ಮಷಿನ್ ಬದಲಿಸುವ ಕಾಲ ಬಂದಾಗ ಪರಿಸರಕ್ಕೆ ಹಗುರವಾದ ಗ್ಯಾಸಿಗೆಂದೇ ತಯಾರಾದ ಮಷಿನ್ ತನ್ನಿ. ಇದಕ್ಕೆ ಅಪವಾದ ಒಂದೇ, ಆರ್-404ಎ ಗ್ಯಾಸಿನ ಕೋಲ್ಡ್ ರೂಮ್. ಅದರ ವಿಷಯ ಕೆಳಗೆ ವಿವರವಾಗಿದೆ.

ಯಾಕೆ ಹೀಗೆ ಎಂಬುದು ತಿಳಿಯಬೇಕಾದರೆ ನಾಲ್ಕು ಮಾತು ಗೊತ್ತಿರಬೇಕು.

ಮೊದಲು ಗೊತ್ತಿರಬೇಕಾದದ್ದು

ಮೆಕ್ಯಾನಿಕ್ ಗ್ಯಾಸ್ ಎನ್ನುವುದನ್ನೇ ಪುಸ್ತಕದಲ್ಲಿ ಶೀತಕ ಎನ್ನುತ್ತಾರೆ. ಒಳಗಿನ ಕಾಯಿಲ್‌ನಲ್ಲಿ ಅದು ಕುದಿದು ಶಾಖ ಹೀರುತ್ತದೆ, ಹೊರಗಿನ ಕಾಯಿಲ್‌ನಲ್ಲಿ ಮತ್ತೆ ದ್ರವವಾಗಿ ಆ ಶಾಖ ಬಿಡುತ್ತದೆ. ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತು ಅದಲ್ಲ. ಗ್ಯಾಸ್ ಕಮ್ಮಿಯಾಗಿದೆ ಎಂದರೆ ಎಲ್ಲೋ ಸೋರಿದೆ. "ವರ್ಷಕ್ಕೊಂದ್ಸಲ ಗ್ಯಾಸ್ ತುಂಬಿಸ್ಬೇಕು" ಎನ್ನುವವರ ಮಾತು ನಂಬಬೇಡಿ.

ಗ್ಯಾಸಿನಿಂದ ಆಗುವ ಕೇಡು ಎರಡು ಬಗೆ. ಒಂದು, ಓಜೋನ್ ಪದರ ತೆಳುವಾಗುವುದು. ಇನ್ನೊಂದು, ಭೂಮಿ ಬಿಸಿಯೇರುವುದು. ಎರಡನೆಯದನ್ನು ಅಳೆಯುವ ಅಂಕಿಗೆ ಜಿಡಬ್ಲ್ಯುಪಿ ಎನ್ನುತ್ತಾರೆ: ಒಂದು ಕೆಜಿ ಗ್ಯಾಸ್ ಗಾಳಿಗೆ ಹೋದರೆ ನೂರು ವರ್ಷದ ಲೆಕ್ಕದಲ್ಲಿ ಎಷ್ಟು ಕೆಜಿ ಇಂಗಾಲದ ಡೈಆಕ್ಸೈಡಿಗೆ ಸಮ ಎಂಬುದು. ನಮ್ಮ ಕಡೆ ಸಿಗುವ ಮಷಿನ್‌ಗಳ ಗ್ಯಾಸ್ ಲೆಕ್ಕ ಹೀಗಿದೆ:

- ಆರ್-22 (ಹಳೆ ಎಸಿ, ಹಳೆ ಹಾಲಿನ ಕೂಲರ್): 1,810. ಓಜೋನಿಗೂ ಕೇಡು.
- ಆರ್-404ಎ (ಕೋಲ್ಡ್ ರೂಮ್, ಡೀಪ್ ಫ್ರೀಜರ್): 3,922
- ಆರ್-410ಎ (ಇನ್ವರ್ಟರ್ ಎಸಿ): 2,088
- ಆರ್-134ಎ (ಕಾರಿನ ಎಸಿ, ಕೆಲವು ಫ್ರಿಜ್): 1,430
- ಆರ್-32 (ಈಗಿನ ಬಹುಪಾಲು ಎಸಿ): 675
- ಆರ್-290, ಅಂದರೆ ಶುದ್ಧ ಪ್ರೊಪೇನ್: 3
- ಆರ್-600ಎ, ಅಂದರೆ ಐಸೊಬ್ಯುಟೇನ್ (ಈಗಿನ ಮನೆ ಫ್ರಿಜ್): 3
- ಆರ್-744, ಅಂದರೆ ಇಂಗಾಲದ ಡೈಆಕ್ಸೈಡೇ: 1
- ಆರ್-717, ಅಂದರೆ ಅಮೋನಿಯಾ: 0

ಕೊನೆಯ ನಾಲ್ಕೇ ನಿಜವಾಗಿ ಪರಿಸರಸ್ನೇಹಿ. ಆರ್-32 ನಡುವಿನದು. ಆರ್-410ಎ ಸಿಲಿಂಡರಿನ ಮೇಲೆ "ಓಜೋನ್ ಸ್ನೇಹಿ" ಎಂದು ಬರೆದಿರುವುದು ಸುಳ್ಳಲ್ಲ, ಆದರೆ ಅರ್ಧ ಸತ್ಯ: ಓಜೋನಿಗೆ ಅದರಿಂದ ತೊಂದರೆಯಿಲ್ಲ, ಬಿಸಿ ಏರಿಸುವುದರಲ್ಲಿ ಆರ್-22ಕ್ಕಿಂತ ಒಂದು ಕೈ ಮೇಲು.

ಇನ್ನೊಂದು ಗುರುತು ಬೆಂಕಿಯದು. ಎ1 ಎಂದರೆ ಹೊತ್ತಿಕೊಳ್ಳದ ಗ್ಯಾಸ್. ಎ2ಎಲ್ ಎಂದರೆ ಕಷ್ಟದಿಂದ, ನಿಧಾನವಾಗಿ ಹೊತ್ತಿಕೊಳ್ಳುವಂಥದ್ದು (ಆರ್-32). ಎ3 ಎಂದರೆ ಸುಲಭವಾಗಿ ಹೊತ್ತಿಕೊಳ್ಳುವಂಥದ್ದು (ಆರ್-290, ಆರ್-600ಎ). ಅಮೋನಿಯಾದ್ದು ಬಿ2ಎಲ್, ಅಂದರೆ ವಿಷವೂ ಹೌದು, ಸ್ವಲ್ಪ ಮಟ್ಟಿಗೆ ಹೊತ್ತುವುದೂ ಹೌದು. ಭೂಮಿಗೆ ಹಗುರವಾದ ಗ್ಯಾಸುಗಳಲ್ಲಿ ಒಂದೊಂದಕ್ಕೂ ಒಂದೊಂದು ತಾಪತ್ರಯ ಇದ್ದೇ ಇದೆ. ಹಳೆ ಮಷಿನ್ ಆ ತಾಪತ್ರಯಕ್ಕೆ ತಯಾರಾಗಿರುವುದಿಲ್ಲ.

"ಇನ್ಮೇಲೆ ಸಿಗಲ್ಲ" ಎಂಬುದರಲ್ಲಿ ಎಷ್ಟು ನಿಜ? 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ನಮ್ಮಂಥ ದೇಶಗಳು ಆರ್-22 ಗುಂಪಿನ ಗ್ಯಾಸನ್ನು 2030ಕ್ಕೆ ಮುಗಿಸಬೇಕು. ಆಮೇಲೂ 2040ರವರೆಗೆ ಹಳೆ ಮಷಿನ್ ರಿಪೇರಿಗೆಂದು ಅತ್ಯಲ್ಪ ಪ್ರಮಾಣಕ್ಕೆ ಅವಕಾಶವಿದೆ. ಭಾರತದಲ್ಲಿ ಹೊಸ ಉಪಕರಣ ತಯಾರಿಸಲು ಇದನ್ನು ಬಳಸುವುದು 2024ರ ಕೊನೆಗೇ ನಿಂತಿದೆ. ಆರ್-410ಎ, ಆರ್-404ಎ, ಆರ್-134ಎ ಇವೆಲ್ಲ ಅದೇ ಒಪ್ಪಂದಕ್ಕೆ 2016ರಲ್ಲಿ ಆದ ಕಿಗಾಲಿ ತಿದ್ದುಪಡಿಯಡಿ ಬರುತ್ತವೆ. ಭಾರತ 2021ರಲ್ಲಿ ಅದನ್ನು ಒಪ್ಪಿತು. ನಮ್ಮ ಪಾಲಿಗೆ 2028ರಲ್ಲಿ ಬಳಕೆ ಇದ್ದಲ್ಲಿಗೇ ನಿಲ್ಲಬೇಕು, 2032ಕ್ಕೆ ಶೇ 10, 2047ಕ್ಕೆ ಶೇ 85 ಇಳಿಯಬೇಕು. ಅಂದರೆ ನಾಳೆ ಬೆಳಿಗ್ಗೆ ಯಾವ ಗ್ಯಾಸೂ ಮಾಯವಾಗುವುದಿಲ್ಲ. ಆದರೆ ಇವತ್ತು ಹೊಸದಾಗಿ ಆರ್-404ಎ ಕೋಲ್ಡ್ ರೂಮ್ ಹಾಕಿಸುವವರು, ಅದರ ಆಯುಸ್ಸು ಮುಗಿಯುವುದರೊಳಗೆ ಗ್ಯಾಸಿಗೆ ಪರದಾಡಬೇಕಾದೀತು.

ಹಂತ 1: ಪ್ಲೇಟ್ ಓದಿ, ಫೋಟೊ ತೆಗೆಯಿರಿ

ಔಟ್‌ಡೋರ್ ಯೂನಿಟ್ಟಿನ ಮಗ್ಗುಲಲ್ಲಿ ಅಥವಾ ಕಂಪ್ರೆಸರ್ ಮೇಲೆ ಒಂದು ತಗಡಿನ ಪಟ್ಟಿ ಇರುತ್ತದೆ. ಗ್ಯಾಸಿನ ಹೆಸರು, ಅದರ ತೂಕ, ಕಂಪ್ರೆಸರ್ ಮಾಡೆಲ್, ಗರಿಷ್ಠ ಒತ್ತಡ ಎಲ್ಲ ಅದರಲ್ಲಿವೆ. ಧೂಳು ಒರೆಸಿ ಫೋಟೊ ತೆಗೆದಿಟ್ಟುಕೊಳ್ಳಿ. ಬಿಸಿಲಿಗೆ ಅಕ್ಷರ ಅಳಿಸಿಹೋಗಿದ್ದರೆ ಮಾಡೆಲ್ ನಂಬರಿನ ಮೇಲೆ ಕಂಪನಿಯಿಂದ ವಿವರ ತರಿಸಿ.

ಪ್ಲೇಟಿನಲ್ಲಿರುವುದೇ ಒಳಗಿದೆ ಎಂದು ನಂಬುವ ಹಾಗಿಲ್ಲ. ಹಿಂದೆ ಯಾರೋ ಏನೋ ತುಂಬಿಸಿರಬಹುದು. ಇದಕ್ಕೊಂದು ಸುಲಭ ಪರೀಕ್ಷೆಯಿದೆ. ರಾತ್ರಿಯಿಡೀ ಮಷಿನ್ ಆಫ್ ಇರಲಿ. ಬೆಳಿಗ್ಗೆ ಬಿಸಿಲೇರುವ ಮುಂಚೆ, ಕಾಯಿಲ್ಲೂ ಗಾಳಿಯೂ ಒಂದೇ ಉಷ್ಣತೆಯಲ್ಲಿರುವಾಗ ಒತ್ತಡ ಅಳೆಯುವ ಗೇಜ್ ಹಾಕಿಸಿ. ಗಾಳಿ 25 ಡಿಗ್ರಿ ಇದ್ದರೆ ಆರ್-134ಎ ಸುಮಾರು 82 ಪಿಎಸ್‌ಐ, ಆರ್-22 ಸುಮಾರು 137, ಆರ್-404ಎ ಸುಮಾರು 167, ಆರ್-410ಎ ಸುಮಾರು 225 ತೋರಿಸಬೇಕು. ಅಂಕಿ ಇದಕ್ಕಿಂತ ಬಹಳ ದೂರವಿದ್ದರೆ ಒಳಗೆ ಬೇರೆ ಗ್ಯಾಸಿದೆ, ಇಲ್ಲವೇ ಗಾಳಿ ಸೇರಿದೆ, ಇಲ್ಲವೇ ದ್ರವವೇ ಉಳಿಯದಷ್ಟು ಸೋರಿದೆ.

ಒಂದು ಎಚ್ಚರಿಕೆ: ಆರ್-290 ಸುಮಾರು 123 ತೋರಿಸುತ್ತದೆ, ಆರ್-22ಕ್ಕೆ ತೀರ ಹತ್ತಿರ. ಗೇಜ್ ನೋಡಿ ಇವೆರಡನ್ನು ಬೇರೆ ಮಾಡಲಾಗದು. ಯಾರಾದರೂ ಹಿಂದೆ ಪ್ರೊಪೇನ್ ಅಥವಾ ಎಲ್‌ಪಿಜಿ ತುಂಬಿಸಿರಬಹುದೆಂಬ ಅನುಮಾನವಿದ್ದರೆ, ಆ ಮಷಿನ್ ಹತ್ತಿರ ವೆಲ್ಡಿಂಗ್ ಮಾಡಲು ಬಿಡಬೇಡಿ.

ಹಂತ 2: ಸೋರುವ ಜಾಗ ಹುಡುಕಿ

ಪರಿಸರದ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಉಳಿತಾಯ ಇರುವುದು ಇಲ್ಲಿ, ಅದೂ ಕಡಿಮೆ ಖರ್ಚಿನಲ್ಲಿ. ಎಂಟು ಕೆಜಿ ಆರ್-404ಎ ಇರುವ ಕೋಲ್ಡ್ ರೂಮ್ ಒಂದು ಸಲ ಪೂರ್ತಿ ಖಾಲಿಯಾಯಿತೆನ್ನಿ. 31 ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಬಿಟ್ಟಂತೆ. ಗ್ರಿಡ್ಡಿನ ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕೆಜಿ ಎಂದು ಹಿಡಿದರೆ, 45 ಸಾವಿರ ಯೂನಿಟ್ ಸುಟ್ಟಷ್ಟು.

ಹುಡುಕುವ ವಿಧಾನ ಹಳೆಯದೇ. ಎಲ್ಲಿ ಎಣ್ಣೆಯ ಜಿಡ್ಡಿಗೆ ಧೂಳು ಮೆತ್ತಿಕೊಂಡಿದೆಯೋ ಅಲ್ಲಿಂದ ಶುರುಮಾಡಿ, ಗ್ಯಾಸಿನ ಜೊತೆ ಎಣ್ಣೆಯೂ ಹೊರಬರುತ್ತದೆ. ಮೊದಲು ಫ್ಲೇರ್ ನಟ್ (ತಾಮ್ರದ ಪೈಪಿನ ಬಾಯಿ ಅಗಲಿಸಿ ಬಿಗಿಯುವ ನಟ್), ಆಮೇಲೆ ಗ್ಯಾಸ್ ತುಂಬುವ ವಾಲ್ವಿನ ಪಿನ್, ಕಾಯಿಲ್ ತುದಿಯ ಬಾಗುಗಳು, ಅಲುಗಾಡಿ ಒಂದಕ್ಕೊಂದು ಉಜ್ಜುವ ಸಣ್ಣ ಪೈಪುಗಳು. ಸೋಪಿನ ನೀರು ಸವರಿ, ಒಂದು ನಿಮಿಷ ಕಾದು ನೋಡಿ. ಸಣ್ಣ ಸೋರಿಕೆಯಲ್ಲಿ ಗುಳ್ಳೆ ಬುಸ್ಸೆಂದು ಬರುವುದಿಲ್ಲ, ಬಿಳಿ ನೊರೆ ಸಾಸಿವೆ ಕಾಳಿನಷ್ಟು ಕಟ್ಟಿಕೊಂಡು ಮೆಲ್ಲಗೆ ದಪ್ಪವಾಗುತ್ತದೆ. ವಾಲ್ವಿನ ಹಿತ್ತಾಳೆ ಮುಚ್ಚಳ ಕಳೆದುಹೋಗಿದ್ದರೆ ಹೊಸದು ಹಾಕಿಸಿ. ಎಷ್ಟೋ ಕಡೆ ಸೋರಿಕೆಯ ಮೂಲ ಆ ಇಲ್ಲದ ಮುಚ್ಚಳವೇ.

ಹಾಲಿನ ಕೂಲರ್ ದನದ ಕೊಟ್ಟಿಗೆಗೆ ಅಂಟಿಕೊಂಡಿದ್ದರೆ ತಾಮ್ರ, ಹಿತ್ತಾಳೆಯ ಭಾಗಗಳನ್ನು ಹೆಚ್ಚು ಗಮನಿಸಿ. ಗಂಜಲದಿಂದ ಏಳುವ ಅಮೋನಿಯಾ ಆ ಲೋಹಗಳನ್ನು ತಿನ್ನುತ್ತದೆ.

ಮಾಡಬಾರದ್ದು ಮೂರು. ಸೋರುವ ಜಾಗಕ್ಕೆ ಎಂ-ಸೀಲ್ ಮೆತ್ತುವುದು. ಒಳಗಿನಿಂದ ಸೋರಿಕೆ ಮುಚ್ಚುತ್ತದೆಂದು ಮಾರುವ ದ್ರವ ಹಾಕಿಸುವುದು, ಅದು ಕ್ಯಾಪಿಲರಿ (ಗ್ಯಾಸ್ ಹಾಯುವ ಕೂದಲೆಳೆಯಂಥ ಸಣ್ಣ ಪೈಪ್) ಕಟ್ಟಿಸಿದರೆ ಕಂಪ್ರೆಸರ್ ಹೋಗುತ್ತದೆ. ಮೂರನೆಯದು ಪ್ರಾಣಕ್ಕೇ ಅಪಾಯ: ಒತ್ತಡ ಪರೀಕ್ಷೆಗೆ ಆಕ್ಸಿಜನ್ ಬಿಡುವುದು. ಕಂಪ್ರೆಸರ್ ಎಣ್ಣೆಗೆ ಒತ್ತಡದ ಆಕ್ಸಿಜನ್ ಸೇರಿದರೆ ಸಿಡಿಯುತ್ತದೆ. ಗ್ಯಾಸ್ ವೆಲ್ಡಿಂಗ್ ಸೆಟ್ಟಿನ ಸಿಲಿಂಡರ್ ಕೈಗೆ ಸಿಕ್ಕಿತೆಂದು ಅದನ್ನೇ ಜೋಡಿಸುವವರಿದ್ದಾರೆ. ಒಣ ನೈಟ್ರೋಜನ್ ಸಿಲಿಂಡರೂ ರೆಗ್ಯುಲೇಟರೂ ತಂದರೆ ಮಾತ್ರ ಕೆಲಸ ಶುರುಮಾಡಿಸಿ.

ಹಂತ 3: ನಿಮ್ಮ ಮಷಿನ್ ಯಾವುದು, ನಿರ್ಧಾರ ಯಾವುದು

*ಮನೆ, ಅಂಗಡಿಯ ಎಸಿ.* ಆರ್-22 ಎಸಿ ಇದ್ದರೆ ಕಂಪ್ರೆಸರ್ ಹೋಗುವವರೆಗೆ ಓಡಿಸಿ, ಆಮೇಲೆ ಬದಲಿಸಿ. ಅದಕ್ಕೆ ಆರ್-410ಎ ತುಂಬಿಸುವ ಮಾತೇ ಬೇಡ. 50 ಡಿಗ್ರಿಯಲ್ಲಿ ಆರ್-22ರ ಒತ್ತಡ ಸುಮಾರು 270 ಪಿಎಸ್‌ಐ ಇದ್ದರೆ ಆರ್-410ಎದು 430ರ ಆಸುಪಾಸು. ಹಳೆ ಕಾಯಿಲ್, ಕಂಪ್ರೆಸರ್ ಅದನ್ನು ತಡೆಯಲು ಮಾಡಿದ್ದಲ್ಲ, ಎಣ್ಣೆಯೂ ಹೊಂದುವುದಿಲ್ಲ. "ಡ್ರಾಪ್-ಇನ್" ಎಂದು, ಅಂದರೆ ಏನೂ ಬದಲಿಸದೆ ಹಾಗೇ ತುಂಬಬಹುದೆಂದು ಮಾರುವ ಮಿಶ್ರಣಗಳೂ ಇವೆ. ಅವುಗಳಲ್ಲಿ ಕೆಲವು ಆರ್-22ಕ್ಕಿಂತ ಹೆಚ್ಚು ಬಿಸಿ ಏರಿಸುವಂಥವು. ಆರ್-422ಡಿ ತೆಗೆದುಕೊಳ್ಳಿ, ಅದರ ಜಿಡಬ್ಲ್ಯುಪಿ 2,729. ಪರಿಸರದ ಹೆಸರಿನಲ್ಲಿ ಇದನ್ನು ಹಾಕಿಸಿಕೊಂಡರೆ ದುಡ್ಡೂ ಹೋಯಿತು, ಉದ್ದೇಶವೂ ಹೋಯಿತು.

ಹೊಸ ಎಸಿ ಕೊಳ್ಳುವಾಗ ಆರ್-290 ಸಿಕ್ಕರೆ ಅದು, ಇಲ್ಲವಾದರೆ ಆರ್-32. ಭಾರತದಲ್ಲಿ ಗೋದ್ರೆಜ್ ಕಂಪನಿ 2012ರಿಂದಲೇ ಆರ್-290 ಎಸಿ ಮಾರುತ್ತಿದೆ, ಆದ್ದರಿಂದ ಇದು ಪ್ರಯೋಗದ ಮಾಲಲ್ಲ. ಗ್ಯಾಸಿನ ಜೊತೆಗೆ ಸ್ಟಾರ್ ಸಂಖ್ಯೆಯನ್ನೂ ನೋಡಿ. ಎಸಿಯ ಇಡೀ ಆಯುಸ್ಸಿನಲ್ಲಿ ಕರೆಂಟಿನಿಂದಾಗುವ ಹೊರೆ ಸಾಮಾನ್ಯವಾಗಿ ಗ್ಯಾಸಿನಿಂದಾಗುವುದಕ್ಕಿಂತ ಹೆಚ್ಚು.

*ಬೇಕರಿ, ಜ್ಯೂಸ್ ಅಂಗಡಿಯ ಫ್ರಿಜ್, ಬಾಟಲ್ ಕೂಲರ್.* ಇಲ್ಲಿ ತಲೆ ಕೆಡಿಸಿಕೊಳ್ಳುವುದೇನಿಲ್ಲ. ಹೊಸದು ಕೊಳ್ಳುವಾಗ ಆರ್-290 ಅಥವಾ ಆರ್-600ಎ ಎಂದು ಪ್ಲೇಟಿನಲ್ಲಿ ಇರುವುದನ್ನು ತನ್ನಿ. ಮನೆ ಫ್ರಿಜ್‌ನಲ್ಲಿರುವ ಗ್ಯಾಸ್ ಹತ್ತಾರು ಗ್ರಾಂ ಮಾತ್ರ. ರಿಪೇರಿ ಸಮಯದಲ್ಲಷ್ಟೇ ಜಾಗ್ರತೆ: ಪೈಪ್ ಕತ್ತರಿಸುವ ಮೊದಲು ಗ್ಯಾಸ್ ತೆಗೆದು, ನೈಟ್ರೋಜನ್ ಹಾಯಿಸಿ, ಆಮೇಲೆ ಬೆಂಕಿ.

*ಹಾಲಿನ ಬಿಎಂಸಿ (ಬಲ್ಕ್ ಮಿಲ್ಕ್ ಕೂಲರ್).* ಹಳ್ಳಿಯ ಕೇಂದ್ರದಲ್ಲಿರುವ ಕೂಲರ್ ಹಾಲು ಒಕ್ಕೂಟದ್ದಾಗಿದ್ದರೆ ಕಾರ್ಯದರ್ಶಿಗಳು ತಾವಾಗಿ ಗ್ಯಾಸ್ ಬದಲಿಸಲು ಹೋಗಬಾರದು. ಒಕ್ಕೂಟದ ತಾಂತ್ರಿಕ ವಿಭಾಗಕ್ಕೆ ಬರೆಯಿರಿ, ಜೊತೆಗೆ ಹಂತ 1ರ ಫೋಟೊ, ಯಾವಾಗ ಎಷ್ಟು ಗ್ಯಾಸ್ ತುಂಬಿಸಿದ್ದೀರೆಂಬ ಪಟ್ಟಿ ಇರಲಿ. ಬದಲಿ ಕೂಲರಿನ ಸರದಿ ನಿರ್ಧರಿಸುವವರ ಮುಂದೆ ಆ ಪಟ್ಟಿ ಮಾತಾಡುತ್ತದೆ.

ಗ್ಯಾಸ್ ಬದಲಿಸದೆಯೂ ಇಲ್ಲೊಂದು ಲಾಭ ಕಾದು ಕೂತಿದೆ. 1,000 ಲೀಟರ್ ಹಾಲನ್ನು 35 ಡಿಗ್ರಿಯಿಂದ 4 ಡಿಗ್ರಿಗೆ ಇಳಿಸುವಾಗ ಹಾಲಿನಿಂದ ಹೊರಬರುವ ಶಾಖ ಸುಮಾರು 35 ಯೂನಿಟ್ ಕರೆಂಟಿಗೆ ಸಮ. ಅದೆಲ್ಲ ಕಂಡೆನ್ಸರ್ (ಶಾಖ ಬಿಡುವ ಹೊರಗಿನ ಕಾಯಿಲ್) ಫ್ಯಾನಿನ ಮುಂದೆ ಗಾಳಿಪಾಲು. ಅದೇ ಕೋಣೆಯಲ್ಲಿ ಕ್ಯಾನು ತೊಳೆಯಲು ಗೀಸರ್ ಉರಿಯುತ್ತಿರುತ್ತದೆ. ಕಂಪ್ರೆಸರಿನಿಂದ ಹೊರಡುವ ಬಿಸಿ ಪೈಪಿಗೆ ಡಿಸೂಪರ್‌ಹೀಟರ್ ಎಂಬ ಶಾಖ ವಿನಿಮಯ ಉಪಕರಣ ಜೋಡಿಸಿದರೆ ಈ ಶಾಖದ ಒಂದು ಪಾಲು ನೀರಿಗೆ ಬರುತ್ತದೆ. ಹೊಸ ಕೂಲರಿಗೆ ಟೆಂಡರ್ ಬರೆಯುವಾಗಲೇ ಇದನ್ನು ಸೇರಿಸಿ, ಆಮೇಲೆ ಜೋಡಿಸುವುದು ರಗಳೆ.

*ಹಾಸ್ಟೆಲ್, ಲಾಡ್ಜ್, ಕಲ್ಯಾಣ ಮಂಟಪದ ಬಿಸಿನೀರು.* ಹೀಟ್ ಪಂಪ್ ಎಂದರೆ ತಿರುಗಿಸಿಟ್ಟ ಎಸಿ: ಹೊರಗಿನ ಗಾಳಿಯ ಶಾಖ ಹೀರಿ ನೀರಿಗೆ ಕೊಡುತ್ತದೆ. ನಮ್ಮ ಹವೆಗೆ ಒಂದು ಯೂನಿಟ್ ಕರೆಂಟಿಗೆ ಮೂರರ ಸುಮಾರು ಯೂನಿಟ್ ಶಾಖ ಸಿಗುತ್ತದೆ. ಇದು ಬಯಲಲ್ಲೇ, ತಾರಸಿ ಮೇಲೇ ಕೂರುವುದರಿಂದ ಆರ್-290ಗೆ ಹೇಳಿಮಾಡಿಸಿದ ಜಾಗ.

*ದೊಡ್ಡ ಕೋಲ್ಡ್ ಸ್ಟೋರೇಜ್.* ಹುಣಸೆ, ಆಲೂಗಡ್ಡೆ ಇಡುವ ದೊಡ್ಡ ಗೋದಾಮುಗಳಿಗೆ ಅಮೋನಿಯಾ ಹಳೆಯ, ಪಳಗಿದ ಗ್ಯಾಸ್. ಹೊಸದಾಗಿ ಕಟ್ಟುವುದಾದರೆ ಇಂದಿಗೂ ಅದೇ ಸರಿ ಎಂಬುದು ನನ್ನ ಅಭಿಪ್ರಾಯ. ಆದರೆ ತಾಮ್ರದ ಪೈಪಿನ ಆರ್-22 ಪ್ಲಾಂಟಿಗೆ ಅಮೋನಿಯಾ ಬಿಡಲಾಗದು, ಅದು ತಾಮ್ರವನ್ನೇ ತಿನ್ನುತ್ತದೆ. ಸೋರಿದರೆ ಹಣ್ಣು ತರಕಾರಿ ಹಾಳಾಗುತ್ತದೆ, ಮನುಷ್ಯರಿಗೆ ಉಸಿರು ಕಟ್ಟುತ್ತದೆ. ಆದ್ದರಿಂದ ಅಮೋನಿಯಾವನ್ನು ಮಷಿನ್ ಕೋಣೆಯಲ್ಲೇ ಇಟ್ಟು, ಮಾಲಿನ ಕೋಣೆಗೆ ಗ್ಲೈಕಾಲ್ ನೀರು ಹರಿಸುವ ವಿನ್ಯಾಸ ಕೇಳಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ನಮ್ಮ ಈ ಮೂರೂ ಜಿಲ್ಲೆಗಳಿಗೆ ವಿಶೇಷವಾದ ತೊಡಕು ನೀರಿನದು. ಅಮೋನಿಯಾ ಪ್ಲಾಂಟಿನ ಕಂಡೆನ್ಸರ್ ಮೇಲೆ ಸಾಮಾನ್ಯವಾಗಿ ನೀರು ಸುರಿಯುತ್ತಿರಬೇಕು. ಆಳದ ಬೋರ್‌ವೆಲ್ಲಿನ ಗಡಸು ನೀರು ಹಾಗೇ ಬಿಟ್ಟರೆ ಪೈಪಿನ ಮೇಲೆ ಸುಣ್ಣ ಕಟ್ಟಿ, ಒತ್ತಡ ಏರಿ, ಕರೆಂಟ್ ಬಿಲ್ ಹಾರುತ್ತದೆ. ನೀರು ಪರೀಕ್ಷೆ ಮಾಡಿಸಿ, ಸಾಫ್ಟ್‌ನರ್ ಖರ್ಚನ್ನು ಅಂದಾಜಿನಲ್ಲಿ ಸೇರಿಸಿ. ಮಳೆನೀರು ಹಿಡಿದಿಡುವ ತೊಟ್ಟಿ ಇದ್ದರೆ ಅದಕ್ಕಿಂತ ಒಳ್ಳೆಯ ಕಂಡೆನ್ಸರ್ ನೀರಿಲ್ಲ.

ಇಂಗಾಲದ ಡೈಆಕ್ಸೈಡ್ ಪ್ಲಾಂಟ್ ಬಗ್ಗೆ ಕೇಳುವವರೂ ಇದ್ದಾರೆ. ಆ ಗ್ಯಾಸ್ 31 ಡಿಗ್ರಿ ದಾಟಿದರೆ ಎಷ್ಟೇ ಒತ್ತಿದರೂ ದ್ರವವಾಗುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಪಾವಗಡದಲ್ಲಿ, ಗೌರಿಬಿದನೂರಿನಲ್ಲಿ ಗಾಳಿಯೇ ಅದಕ್ಕಿಂತ ಎಷ್ಟೋ ಬಿಸಿ. ವಿಶೇಷ ವಿನ್ಯಾಸದಿಂದ ಓಡಿಸಬಹುದು, ಆದರೆ ಅದನ್ನು ನೋಡಿಕೊಳ್ಳಬಲ್ಲ ಮೆಕ್ಯಾನಿಕ್ ಸಿಗುವವರೆಗೆ ಸಣ್ಣ ಮಾಲೀಕರು ಕೈ ಹಾಕದಿರುವುದು ಲೇಸು.

ಬಂಡವಾಳಕ್ಕೆ ಕೃಷಿ ಮೂಲಸೌಕರ್ಯ ನಿಧಿಯಡಿ 2 ಕೋಟಿ ರೂಪಾಯಿವರೆಗಿನ ಸಾಲಕ್ಕೆ ಶೇ 3 ಬಡ್ಡಿ ರಿಯಾಯಿತಿ ಇದೆ. ತೋಟಗಾರಿಕೆ ಇಲಾಖೆಯ ಸಹಾಯಧನವೂ ಉಂಟು. ಅರ್ಜಿ ಹಾಕುವ ಮೊದಲೇ ಮಷಿನ್ ಕೊಂಡರೆ ಸಹಾಯಧನ ಕೈತಪ್ಪಬಹುದು, ಇಲಾಖೆಯಲ್ಲಿ ವಿಚಾರಿಸಿ ಹೆಜ್ಜೆಯಿಡಿ.

ಹಂತ 4: ಆರ್-404ಎ ಕೋಲ್ಡ್ ರೂಮ್ ಬದಲಿಸುವುದು

ಅಪವಾದ ಎಂದೆನಲ್ಲ, ಅದು ಇದು. ಆರ್-404ಎ ಅಂಕಿ ಎಷ್ಟು ದೊಡ್ಡದೆಂದರೆ, ಇನ್ನೂ ಏಳೆಂಟು ವರ್ಷ ಬಾಳುವ ಮಷಿನ್ ಇದ್ದರೆ ಗ್ಯಾಸ್ ಬದಲಿಸುವುದರಲ್ಲಿ ಅರ್ಥವಿದೆ. ಆರ್-448ಎ, ಆರ್-449ಎ ಎಂಬ ಮಿಶ್ರಣಗಳ ಜಿಡಬ್ಲ್ಯುಪಿ ಸುಮಾರು 1,400, ಅಂದರೆ ಮೂರನೇ ಒಂದು ಪಾಲು. ಇವು ಎ1 ಗುಂಪಿನವು, ಹೊತ್ತಿಕೊಳ್ಳುವುದಿಲ್ಲ. ಆರ್-404ಎ ಮಷಿನ್‌ನಲ್ಲಿ ಸಾಮಾನ್ಯವಾಗಿ ಇರುವ ಪಿಒಇ ಎಣ್ಣೆಯೇ (ಕೃತಕ ಎಣ್ಣೆ) ಇದಕ್ಕೂ ನಡೆಯುತ್ತದೆ.

ಕ್ರಮ ಹೀಗೆ:

1. ಕಂಪ್ರೆಸರ್ ಕಂಪನಿ ಆ ಮಾಡೆಲ್‌ಗೆ ಈ ಗ್ಯಾಸ್ ಒಪ್ಪಿದೆಯೇ ಎಂದು ಬರಹದಲ್ಲಿ ಕೇಳಿ. ಒಪ್ಪದಿದ್ದರೆ ಇಲ್ಲಿಗೇ ನಿಲ್ಲಿಸಿ. ಬೆಂಗಳೂರಿನ ಡೀಲರ್ ಬಳಿ ಆ ಗ್ಯಾಸ್ ಮುಂದೆಯೂ ಸಿಗುತ್ತದೆಯೇ ಎಂದು ಈಗಲೇ ಖಾತ್ರಿ ಮಾಡಿಕೊಳ್ಳಿ.
2. ಬದಲಿಸುವ ಮುಂಚೆ ಎರಡು ದಿನದ ಅಂಕಿ ಬರೆದಿಡಿ: ಕೋಣೆಯ ಉಷ್ಣತೆ, ಎರಡೂ ಕಡೆಯ ಒತ್ತಡ, ಕರೆಂಟ್ ಆಂಪ್ಸ್. ಹೋಲಿಸಲು ಇದಿಲ್ಲದಿದ್ದರೆ ಬದಲಿಸಿದ ಮೇಲೆ ಬರುವ ದೂರುಗಳಿಗೆಲ್ಲ ಹೊಸ ಗ್ಯಾಸೇ ಹೊಣೆಯಾಗುತ್ತದೆ.
3. ಹಳೆ ಗ್ಯಾಸನ್ನು ರಿಕವರಿ ಮಷಿನ್‌ನಿಂದ ಸಿಲಿಂಡರಿಗೆ ತೆಗೆಸಿ, ತೂಕ ಮಾಡಿಸಿ.
4. ಫಿಲ್ಟರ್ ಡ್ರೈಯರ್ (ತೇವ, ಕಸ ಹಿಡಿಯುವ ಡಬ್ಬಿ) ಹೊಸದು. ವಾಲ್ವುಗಳ ರಬ್ಬರ್ ಸೀಲೂ ಹೊಸದು. ಹಳೆ ಗ್ಯಾಸಿಗೆ ಉಬ್ಬಿ ಕೂತಿದ್ದ ರಬ್ಬರ್ ಹೊಸ ಗ್ಯಾಸಿಗೆ ಕುಗ್ಗಿ ಸೋರುತ್ತದೆ.
5. ನೈಟ್ರೋಜನ್ ಪರೀಕ್ಷೆ, ವ್ಯಾಕ್ಯೂಮ್ (ಹಂತ 6 ನೋಡಿ).
6. ಗ್ಯಾಸನ್ನು ದ್ರವರೂಪದಲ್ಲೇ ತುಂಬಿಸಬೇಕು. ಇದು ಮಿಶ್ರಣ, ಸಿಲಿಂಡರಿನ ಮೇಲ್ಭಾಗದ ಆವಿ ತೆಗೆದರೆ ಬೇಗ ಆವಿಯಾಗುವ ಅಂಶವಷ್ಟೇ ಬರುತ್ತದೆ. ತಕ್ಕಡಿ ಮೇಲೆ ತೂಗಿ, ಹಳೆ ತೂಕಕ್ಕಿಂತ ಸ್ವಲ್ಪ ಕಡಿಮೆ ತುಂಬಿಸಿ, ಓಡಿಸಿ ನೋಡಿ, ಬೇಕಾದರೆ ಸೇರಿಸಿ.
7. ಎಕ್ಸ್‌ಪ್ಯಾನ್ಶನ್ ವಾಲ್ವ್ (ಒಳಗಿನ ಕಾಯಿಲ್‌ಗೆ ಎಷ್ಟು ದ್ರವ ಹೋಗಬೇಕೆಂದು ಹಿಡಿತದಲ್ಲಿಡುವ ವಾಲ್ವ್) ತಿರುವಿ ಸೂಪರ್‌ಹೀಟ್ ಸರಿಮಾಡಿಸಿ. ಕಾಯಿಲ್‌ನಲ್ಲಿ ಗ್ಯಾಸ್ ಪೂರ್ತಿ ಆವಿಯಾದ ಮೇಲೆ ಇನ್ನೆಷ್ಟು ಡಿಗ್ರಿ ಬಿಸಿಯಾಗಿದೆ ಎಂಬುದೇ ಸೂಪರ್‌ಹೀಟ್. ಅದು ತೀರ ಕಡಿಮೆಯಾದರೆ ಕಂಪ್ರೆಸರಿಗೆ ದ್ರವ ಹೋಗಿ ಒಡೆಯುತ್ತದೆ.
8. ಹೊಸ ಗ್ಯಾಸಿನ ಹೆಸರು, ತೂಕ, ತಾರೀಖು ಬರೆದ ಚೀಟಿಯನ್ನು ಹಳೆ ಪ್ಲೇಟಿನ ಮೇಲೇ ಅಂಟಿಸಿ.

ಇಲ್ಲಿ ಆಗುವ ಸಾಮಾನ್ಯ ಎಡವಟ್ಟು ಗ್ಲೈಡ್‌ನದು. ಆರ್-404ಎ ಹೆಚ್ಚುಕಡಿಮೆ ಒಂದೇ ಉಷ್ಣತೆಯಲ್ಲಿ ಕುದಿಯುತ್ತದೆ. ಈ ಮಿಶ್ರಣಗಳು ಐದಾರು ಡಿಗ್ರಿ ಅಂತರದಲ್ಲಿ ಕುದಿಯುತ್ತವೆ, ಆ ಅಂತರವೇ ಗ್ಲೈಡ್. ಹಳೆ ಚಾರ್ಟ್ ನೋಡಿ ಸೆಟ್ ಮಾಡಿದರೆ ಕೋಣೆಯ ಒಂದು ಮೂಲೆ ಹೆಚ್ಚು ತಣ್ಣಗಾಗುತ್ತದೆ. ಟೊಮೆಟೊ, ಮಾವು ಇಡುವವರಿಗೆ ಇದು ಸಣ್ಣ ವಿಷಯವಲ್ಲ. ಇವೆರಡೂ 12-13 ಡಿಗ್ರಿಯ ಮಾಲು. ಅದಕ್ಕಿಂತ ಬಹಳ ಕೆಳಗಿಳಿದರೆ ಚಳಿಯ ಪೆಟ್ಟು ತಿಂದು, ಹೊರಗೆ ತಂದ ಮೇಲೆ ಮಾವು ಸರಿಯಾಗಿ ಹಣ್ಣಾಗುವುದಿಲ್ಲ, ಟೊಮೆಟೊ ಬಣ್ಣ ಕಟ್ಟುವುದಿಲ್ಲ. ಗುಲಾಬಿ ಇಡುವ ಚಿಕ್ಕಬಳ್ಳಾಪುರದವರಿಗೆ ಈ ಭಯ ಕಡಿಮೆ, ಹೂವಿಗೆ 2ರಿಂದ 4 ಡಿಗ್ರಿ ಬೇಕು. ಆದರೆ ಅಲ್ಲಿ ಕಾಯಿಲ್ ಮೇಲೆ ಹಿಮ ಕಟ್ಟುವುದನ್ನು ನೋಡಿಕೊಳ್ಳಬೇಕು.

ಹಂತ 5: ಆರ್-290 ಮಷಿನ್ ಎಲ್ಲಿ ಕೂರಿಸಬೇಕು

ಪ್ರೊಪೇನ್ ಎಂದ ಕೂಡಲೇ "ಅಡುಗೆ ಗ್ಯಾಸ್ ತಾನೇ, ಸಿಲಿಂಡರ್ ಮನೆಯಲ್ಲೇ ಇದೆ" ಎನ್ನುವವರಿದ್ದಾರೆ. ಅಡುಗೆ ಗ್ಯಾಸಿನಲ್ಲಿ ಬ್ಯುಟೇನ್ ಬೆರೆತಿರುತ್ತದೆ, ವಾಸನೆ ಬರಿಸುವ ರಾಸಾಯನಿಕ ಇರುತ್ತದೆ, ತೇವಾಂಶವೂ ಇರಬಹುದು. ಅದನ್ನು ಎಸಿಗೆ ತುಂಬಿಸುವುದು ಕಂಪ್ರೆಸರಿಗೂ ಮನೆಯವರಿಗೂ ಕೇಡು. ಆರ್-290 ಎಂಬುದು ಶುದ್ಧೀಕರಿಸಿದ ಪ್ರೊಪೇನ್, ಅದರ ಮಷಿನ್‌ನಲ್ಲಿ ಕಿಡಿ ಹಾರುವ ರಿಲೇ, ಸ್ವಿಚ್ಚುಗಳನ್ನು ಮುಚ್ಚಿಟ್ಟಿರುತ್ತಾರೆ. ಹಳೆ ಆರ್-22 ಎಸಿಯಲ್ಲಿ ಆ ಏರ್ಪಾಡಿಲ್ಲ.

ಅಪಾಯ ಎಷ್ಟು ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಒಂದು ಘನ ಮೀಟರ್ ಗಾಳಿಗೆ ಸುಮಾರು 38 ಗ್ರಾಂ ಪ್ರೊಪೇನ್ ಬೆರೆತರೆ ಹೊತ್ತಿಕೊಳ್ಳುವ ಹದ. ಹತ್ತಡಿ ಉದ್ದ, ಅಗಲ, ಎತ್ತರದ ಕೋಣೆ ಸುಮಾರು 28 ಘನ ಮೀಟರ್, ಅಂದರೆ ಒಂದು ಕೆಜಿಗೂ ಹೆಚ್ಚು ಬೇಕು. ಎಸಿಯಲ್ಲಿ 300 ಗ್ರಾಂ ಇದ್ದು ಅಷ್ಟೂ ಸೋರಿ ಸಮನಾಗಿ ಹರಡಿದರೆ ಹದದ ಮೂರನೇ ಒಂದು ಪಾಲೂ ಆಗುವುದಿಲ್ಲ. ಆದರೆ ಎಂಟಡಿ ಚದರದ, ಎಂಟಡಿ ಎತ್ತರದ ಮುಚ್ಚಿದ ಕೋಲ್ಡ್ ರೂಮಿಗೆ 550 ಗ್ರಾಂ ಸಾಕು. ಅದಕ್ಕೇ ಅಂಥ ಕೋಣೆಗೆ ಹೆಚ್ಚು ಗ್ಯಾಸ್ ಹಿಡಿಯುವ ಒಂದೇ ದೊಡ್ಡ ಮಷಿನ್ ಬೇಡ, ಕಡಿಮೆ ಗ್ಯಾಸಿನ ಎರಡು ಚಿಕ್ಕವು ಇರಲಿ. ಒಂದು ಕೆಟ್ಟರೆ ಇನ್ನೊಂದು ಮಾಲು ಉಳಿಸುತ್ತದೆ ಎಂಬ ಲಾಭವೂ ಇದೆ.

"ಸಮನಾಗಿ ಹರಡಿದರೆ" ಎಂದೆ. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಸೋರಿದ್ದು ನೆಲಕ್ಕಿಳಿದು ತಗ್ಗಿನಲ್ಲಿ ನಿಲ್ಲುತ್ತದೆ. ಔಟ್‌ಡೋರ್ ಯೂನಿಟ್ಟನ್ನು ನೆಲಮಾಳಿಗೆಯ ಕಿಟಕಿ, ಸಂಪ್, ಚರಂಡಿ ಬಾಯಿ, ಮೆಟ್ಟಿಲ ಕೆಳಗಿನ ಮೂಲೆಗಳಿಂದ ದೂರ ಇಡಿ. ಕೋಣೆಗೆ ಗಾಳಿಕಿಂಡಿ ಮಾಡಿಸುವುದಾದರೆ ನೆಲದ ಮಟ್ಟದಲ್ಲಿ ಮಾಡಿಸಿ, ಸೂರಿನ ಕೆಳಗೆ ಮಾಡಿಸಿದರೆ ಉಪಯೋಗವಿಲ್ಲ. ಬೇಕರಿಯಲ್ಲಿ ಓವನ್ನಿನ ಪಕ್ಕದ ಗೋಡೆಗೆ ಈ ಮಷಿನ್ ಬೇಡ.

ವೋಲ್ಟೇಜ್ ಏರಿಳಿತ ಇರುವ ಕಡೆ ಸ್ಟೆಬಿಲೈಸರ್ ವಿಷಯದಲ್ಲಿ ಕಂಜೂಸುತನ ಬೇಡ. ಆದರೆ ಅದನ್ನು ಮಷಿನ್ ಕೆಳಗೆ, ನೆಲದ ಮೇಲೆ ಇಡಬೇಡಿ. ಅದರೊಳಗಿನ ರಿಲೇ ಕೂಡ ಕಿಡಿ ಹಾರಿಸುತ್ತದೆ.

ಹಂತ 6: ಕೆಲಸ ನಡೆಯುವಾಗ ಪಕ್ಕದಲ್ಲೇ ನಿಲ್ಲಿ

ಯಾವ ಗ್ಯಾಸೇ ಆಗಲಿ, ಈ ಹಂತದಲ್ಲೇ ಹೆಚ್ಚು ಕೆಲಸಗಳ್ಳತನ ನಡೆಯುವುದು. ನೈಟ್ರೋಜನ್ ತುಂಬಿ ಒತ್ತಡ ಬರೆದಿಟ್ಟು, ಸಾಧ್ಯವಾದರೆ ರಾತ್ರಿಯಿಡೀ ಬಿಟ್ಟು ನೋಡಬೇಕು. ಆಮೇಲೆ ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿ, ತೇವ ಎಳೆಯಬೇಕು. ಗುರಿ 500 ಮೈಕ್ರಾನ್ (ಒಳಗೆ ಉಳಿದ ಒತ್ತಡದ ಅತಿ ಸಣ್ಣ ಅಳತೆ). ಮಾಮೂಲಿ ಗೇಜಿನಲ್ಲಿ ಮುಳ್ಳು ಮೈನಸ್ 30ಕ್ಕೆ ಬಂದು ನಿಂತಿತೆಂದರೆ ಆಯಿತು ಎನ್ನುತ್ತಾರೆ, ಆ ಮುಳ್ಳಿಗೆ ಮೈಕ್ರಾನ್ ಕಾಣುವುದಿಲ್ಲ. ಡಿಜಿಟಲ್ ವ್ಯಾಕ್ಯೂಮ್ ಗೇಜ್ ಬೇಕು. ಪಂಪ್ ಬೇರ್ಪಡಿಸಿ ಹದಿನೈದು ನಿಮಿಷ ಬಿಟ್ಟಾಗ ಅಂಕಿ 1,000 ದಾಟಿದರೆ ಒಳಗೆ ತೇವ ಉಳಿದಿದೆ, ಇಲ್ಲವೇ ಸೋರುತ್ತಿದೆ. ಪಿಒಇ ಎಣ್ಣೆ ತೇವವನ್ನು ಬಹಳ ಬೇಗ ಹೀರುತ್ತದೆ, ಮಳೆಗಾಲದಲ್ಲಿ ಎಣ್ಣೆ ಡಬ್ಬಿ ತೆರೆದಿಟ್ಟಿದ್ದರೆ ಅದನ್ನು ಬಳಸಲು ಬಿಡಬೇಡಿ.

ಸಿಲಿಂಡರಿನ ಸೀಲ್ ನಿಮ್ಮ ಮುಂದೆ ಒಡೆಯಲಿ. ಕಲಬೆರಕೆ ಗ್ಯಾಸಿನ ಅಪಾಯ ಕಟ್ಟುಕಥೆಯಲ್ಲ: 2011ರಲ್ಲಿ ಆರ್-134ಎ ಹೆಸರಿನಲ್ಲಿ ಮೀಥೈಲ್ ಕ್ಲೋರೈಡ್ ಬೆರೆಸಿದ ಗ್ಯಾಸ್ ತುಂಬಿದ ಹಡಗಿನ ಶೀತಲ ಕಂಟೇನರುಗಳು ಸಿಡಿದು ಜನ ಸತ್ತರು. ಆ ರಾಸಾಯನಿಕ ಅಲ್ಯೂಮಿನಿಯಂ ಜೊತೆ ಸೇರಿ ಗಾಳಿ ತಾಗಿದರೆ ಹೊತ್ತುವ ವಸ್ತುವಾಗುತ್ತದೆ. ಮಾರುಕಟ್ಟೆ ದರಕ್ಕಿಂತ ತೀರ ಅಗ್ಗಕ್ಕೆ ಬಂದ ಸಿಲಿಂಡರನ್ನು ವಾಪಸ್ ಕಳಿಸಿ.

ಮೆಕ್ಯಾನಿಕ್ ಆರಿಸುವಾಗ ಕೇಳಬೇಕಾದದ್ದು ಸರಳ: ಡಿಜಿಟಲ್ ತಕ್ಕಡಿ ಇದೆಯೇ, ನೈಟ್ರೋಜನ್ ಇದೆಯೇ, ವ್ಯಾಕ್ಯೂಮ್ ಗೇಜ್ ಇದೆಯೇ, ಹೊತ್ತಿಕೊಳ್ಳುವ ಗ್ಯಾಸಿನ ತರಬೇತಿ ಆಗಿದೆಯೇ. ಐಟಿಐ ಓದಿದವರಿಗೂ ಇದು ಪ್ರತ್ಯೇಕ ತರಬೇತಿ. ಕೇಂದ್ರ ಪರಿಸರ ಸಚಿವಾಲಯದ ಓಜೋನ್ ಕೋಶದ ಕಾರ್ಯಕ್ರಮದಡಿ ಮೆಕ್ಯಾನಿಕ್‌ಗಳಿಗೆ ಇಂಥ ತರಬೇತಿ ಕೊಡಿಸುತ್ತಾರೆ. ನಾಲ್ಕರಲ್ಲಿ ಎರಡಕ್ಕೆ "ಇಲ್ಲ" ಎಂದರೆ ಬೇರೆಯವರನ್ನು ನೋಡಿ, ಪರಿಚಯದವನಾದರೂ ಸರಿಯೇ.

ಹಂತ 7: ಹಳೆ ಗ್ಯಾಸ್, ಹಳೆ ಮಷಿನ್

ಹೊಸದು ಬಂದ ದಿನ ಹಳೆಯದು ಗುಜರಿಗೆ ಹೋಗುತ್ತದೆ. ಗುಜರಿಯವನಿಗೆ ಬೇಕಾದದ್ದು ತಾಮ್ರ. ಅವನು ಪೈಪ್ ಕತ್ತರಿಸಿದ ಆ ನಿಮಿಷದಲ್ಲಿ ಗ್ಯಾಸೆಲ್ಲ ಗಾಳಿಗೆ. ನೀವು ದುಡ್ಡು ಕೊಟ್ಟು ಹೊಸ ಗ್ಯಾಸಿನ ಮಷಿನ್ ತಂದದ್ದರ ಲಾಭವನ್ನು ಅದೊಂದೇ ಕತ್ತರಿ ವರ್ಷಗಟ್ಟಲೆ ಹಿಂದಕ್ಕೆ ತಳ್ಳುತ್ತದೆ.

ಸ್ಪ್ಲಿಟ್ ಎಸಿಯಾದರೆ ಬಿಚ್ಚುವ ಮೊದಲು ಪಂಪ್-ಡೌನ್ ಮಾಡಿಸಿ: ಮಷಿನ್ ಓಡುತ್ತಿರುವಾಗ ದ್ರವದ ವಾಲ್ವ್ ಮುಚ್ಚಿ, ಗ್ಯಾಸೆಲ್ಲ ಔಟ್‌ಡೋರ್ ಯೂನಿಟ್ಟಿಗೆ ಸೇರಿದ ಕೂಡಲೇ ಇನ್ನೊಂದು ವಾಲ್ವನ್ನೂ ಮುಚ್ಚಿ ಆಫ್ ಮಾಡುವುದು. ಕಂಪ್ರೆಸರ್ ಸತ್ತಿದ್ದರೆ ಇದು ಆಗದು, ರಿಕವರಿ ಮಷಿನ್ ಇರುವವರನ್ನೇ ಕರೆಸಬೇಕು. ರಿಕವರಿ ಸಿಲಿಂಡರನ್ನು ಶೇ 80ಕ್ಕಿಂತ ಹೆಚ್ಚು ತುಂಬಿಸಬಾರದು, ಬಿಸಿಲಿಗಿಟ್ಟರೆ ಒಳಗಿನ ದ್ರವ ಹಿಗ್ಗಿ ಸಿಡಿಯಬಹುದು. ಎರಡು ಬಗೆಯ ಗ್ಯಾಸನ್ನು ಒಂದೇ ಸಿಲಿಂಡರಿಗೆ ಸೇರಿಸಲೂ ಬಾರದು, ಸೇರಿದ ಮೇಲೆ ಅದನ್ನು ಮತ್ತೆ ಬಳಸಲಾಗದು. ಶುದ್ಧವಾಗಿ ತೆಗೆದ ಆರ್-22 ಇನ್ನೂ ಬೆಲೆಬಾಳುತ್ತದೆ, ನಿಮ್ಮದೇ ಇನ್ನೊಂದು ಹಳೆ ಮಷಿನ್‌ಗೆ ಉಪಯೋಗಕ್ಕೆ ಬರುತ್ತದೆ.

ಎಸಿ, ಫ್ರಿಜ್ ಎರಡೂ ಇ-ತ್ಯಾಜ್ಯ ನಿಯಮಗಳಡಿ ಬರುತ್ತವೆ. ಎಕ್ಸ್‌ಚೇಂಜಿನಲ್ಲಿ ಅಂಗಡಿಗೇ ಕೊಟ್ಟು ರಸೀದಿ ಪಡೆಯಿರಿ, ಅಥವಾ ನೋಂದಾಯಿತ ಇ-ತ್ಯಾಜ್ಯ ಘಟಕಕ್ಕೆ ಕೊಡಿ. ತೊಂಬತ್ತರ ದಶಕದ ಫ್ರಿಜ್ ಇದ್ದರೆ ಅದರ ಬಾಗಿಲನ್ನು, ಗೋಡೆಯನ್ನು ಒಡೆಯಬೇಡಿ, ಕೋಳಿಗೂಡಿಗೆಂದೂ ಕೊಯ್ಯಬೇಡಿ. ಆ ಕಾಲದ ಫೋಮ್ ಒಳಗೂ ಓಜೋನ್ ತಿನ್ನುವ ಗ್ಯಾಸೇ ಇರುತ್ತದೆ.